ರಾತ್ರಿಯಿಡೀ ಇಟ್ಟ ನೀರು

ಹನ್ನೊಂದು.
ಬೂಟು ಬಿಚ್ಚುವ ಮೊದಲೇ ಎಣಿಸಿದ್ದೆ,
ವಾರ್ಡಿಗೆ ಕಾಲಿಟ್ಟೊಡನೆ ತಲೆ ಎಣಿಸುವವಳ ಚಟ.
ನಿಯಾನ್ ಟೆಟ್ರಾ ಏಳು, ಗಪ್ಪಿ ಮೂರು,
ಮತ್ತೆ ಮಗಳ ಏಂಜಲ್, ಹೆಸರು ಬೇಗಂ,
ಫಿಲ್ಟರಿನ ಬಾಯಿಗೆ ಅಡ್ಡ ಒತ್ತಿಕೊಂಡಿದ್ದಳು.
ಪಂಪು ಮಾತ್ರ ಗುಳುಗುಳು ಅನ್ನುತ್ತಲೇ ಇತ್ತು.

ಅಜ್ಮಾನ್, ಆಗಸ್ಟು, ಬೆಳಗಿನ ಎಂಟು.
ಕಿಟಕಿಯ ಗಾಜು ಆಗಲೇ ಮುಟ್ಟಲಾರದಷ್ಟು ಬಿಸಿ.
ಮೊದಲ ಅನುಮಾನ ಏಸಿಯ ಮೇಲೆ,
ರಾತ್ರಿ ನಿಂತಿತೇ, ನೀರು ಬೆಂದಿತೇ?
ಇಪ್ಪತ್ತೇಳು, ಅಂದಿತು ಥರ್ಮಾಮೀಟರು.
ಮೂಗಿಟ್ಟು ನೋಡಿದೆ, ಕೊಳೆತ ವಾಸನೆಯಿಲ್ಲ.
ಕಿಟ್ಟಿನ ಸೀಸೆಗೆ ಹನಿ ಎಣಿಸಿ ಕುಲುಕಿದೆ:
ನೈಟ್ರೈಟ್ ಇಲ್ಲ.
ಅಮೋನಿಯದ ಹಳದಿಗೆ ಒಂದು ಚೂರು ಹಸಿರು ಬೆರೆತಂತಿತ್ತು,
ಹೆಣವಿದ್ದಲ್ಲಿ ಅಷ್ಟಾದರೂ ಇರುತ್ತದೆಂದು ಬಿಟ್ಟೆ.
ಬಿಡಬಾರದಿತ್ತು.

ಮೈಮೇಲೆ ಬಿಳಿ ಚುಕ್ಕೆಯಿಲ್ಲ, ರೆಕ್ಕೆ ಹರಿದಿಲ್ಲ, ಹೊಟ್ಟೆ ಉಬ್ಬಿಲ್ಲ.
ರೋಗವಾದರೆ ಒಬ್ಬೊಬ್ಬರನ್ನೇ ಕರೆಯುತ್ತದೆ,
ಇವತ್ತೊಂದು, ನಾಡಿದ್ದೊಂದು,
ಔಷಧಿ ತರಲು ನಮಗಿಷ್ಟು ಪುರುಸೊತ್ತು ಕೊಟ್ಟು.
ಒಂದೇ ರಾತ್ರಿ ಮನೆ ಖಾಲಿಯಾದರೆ
ನೀರನ್ನೇ ಹಿಡಿದು ಕೇಳಬೇಕು.

ಹುಬ್ಬಿನ ಚಿಮಟದಲ್ಲಿ ಬೇಗಂಳ ಕಿವಿರು ಎತ್ತಿದೆ.
ಎಳೆಗಳ ಅಂಚು ಸುಟ್ಟ ಹಾಗೆ, ಮೇಲೆ ದಪ್ಪ ಲೋಳೆ.

ನಿನ್ನೆ ಸಂಜೆ ನೀರು ಬದಲಿಸಿದ್ದು ದಾಕ್ಷಾ,
ಹತ್ತು ವರ್ಷದ ಕೈ, ನಾನು ಕಲಿಸಿದ ಕ್ರಮ:
ಬಕೆಟ್ ತುಂಬಿ ಹಿಂದಿನ ರಾತ್ರಿಯೇ ತೆರೆದಿಡು,
ಘಾಟು ತಾನೇ ಹಾರಿಹೋಗುತ್ತದೆ.
ನನಗದು ಅವ್ವ ಕಲಿಸಿದ್ದು.
ಗದಗಿನ ನಮ್ಮ ಓಣಿಗೆ ನಳ ಬಂದರೆ
ಬ್ಲೀಚಿಂಗ್ ಪುಡಿಯ ನಾತ ಹೊತ್ತೇ ಬರುತ್ತಿತ್ತು.
ಕೊಡಗಳ ಬಾಯಿ ತೆರೆದಿಟ್ಟು ಅನ್ನುತ್ತಿದ್ದಳು,
"ನೀರಿಗೂ ಒಂದ್ ರಾತ್ರಿ ನಿದ್ದಿ ಬೇಕವಾ."

ಕೆಳಗೆ, ಲಿಫ್ಟಿನ ಪಕ್ಕ, ಮೂರು ಭಾಷೆಯಲ್ಲಿ ಚೀಟಿ.
ಟ್ಯಾಂಕು ತೊಳೆದು ಆಗಲೇ ಮೂರು ದಿನ.
ಕಾವಲಿನ ಗುಲ್ ಜಮೀನ್ ಡಬ್ಬಿ ತಂದು ತೋರಿಸಿದ,
ಹೆಮ್ಮೆಯಿಂದಲೇ:
"ಹಳೇ ಮದ್ದು ಬಿಸಿಲಿಗೆ ಹಾರಿಹೋಗ್ತಿತ್ತು ಬಾಜಿ,
ಇದು ಹಾರಲ್ಲ, ಗ್ಯಾರಂಟಿ."

ಕ್ಲೋರಮೀನ್.

ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಒಂಬತ್ತು ವರ್ಷದಿಂದ, ಪಾಳಿಯ ಮೊದಲ ರೋಗಿ ಬರುವ ಮುನ್ನ,
ಡಯಾಲಿಸಿಸ್ ಯೂನಿಟ್ಟಿನ ಹಿಂದಿನ ಕೋಣೆಯಲ್ಲಿ
ಇಂಗಾಲದ ತೊಟ್ಟಿ ದಾಟಿ ಬಂದ ನೀರು ಹಿಡಿದು
ಪಟ್ಟಿ ಅದ್ದುವವಳು ನಾನು.
ಬಣ್ಣ ಬಂದರೆ ಯಂತ್ರ ಹಚ್ಚುವಂತಿಲ್ಲ,
ನೆತ್ತರಿಗಿಳಿದರೆ ಕೆಂಪು ಕಣ ಒಡೆಯುತ್ತದೆ,
ಇಟ್ಟರೆ ಹಾರದು, ರಾತ್ರಿ ಒಂದಲ್ಲ ನಾಲ್ಕು ಕಳೆದರೂ,
ಹೊಸದಾಗಿ ಸೇರಿದ ಹುಡುಗರಿಗೆ ಪಾಠವನ್ನೇ ಮಾಡಿದ್ದೇನೆ,
ಮಾಡಿ, ಬ್ಯಾಡ್ಜು ಕಳಚಿಟ್ಟು, ಬಸ್ಸು ಹತ್ತಿ,
ಮನೆಯಲ್ಲಿ ಅವ್ವನ ಕೊಡದ ಕಥೆ ಹೇಳಿದ್ದೇನೆ.

ಪರ್ಸಿನಲ್ಲಿ ಉಳಿದಿದ್ದ ಪಟ್ಟಿಯೊಂದನ್ನು ತೊಟ್ಟಿಗೆ ಅದ್ದಿದೆ.
ಬಣ್ಣ ಹತ್ತಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ದಾಕ್ಷಾ ಎದ್ದು ಬಂದಳು. ಅಳಲಿಲ್ಲ.
ಒಳಗೆ ಹೋಗಿ ನೋಟುಬುಕ್ಕು ತಂದಳು:
ಬಕೆಟ್ ತುಂಬಿದ್ದು ಒಂಬತ್ತು ಹತ್ತಕ್ಕೆ,
ಸುರಿದದ್ದು ಮರುದಿನ ಐದೂವರೆಗೆ.
"ಇಪ್ಪತ್ತು ಗಂಟೆ ಇಟ್ಟಿದ್ದೆ, ಅಮ್ಮ.
ಇನ್ನೂ ಜಾಸ್ತಿ ಇಡಬೇಕಿತ್ತಾ?"

ಇಲ್ಲ ಅಂದೆ.
ಯಾಕೆ ಎಂದು ಹೇಳಲು ಹೊರಟವಳು
ಮೊದಲು ಬೇಗಂಳನ್ನು ಬಟ್ಟಲಿಗೆ ಎತ್ತಿ ಹಾಕಿದೆ.
ಆಮೇಲೆ ಹೇಳಿದೆ, ಎಲ್ಲ, ಡಬ್ಬಿಯ ಹೆಸರಿನ ಸಮೇತ.
ಅವಳು ಅದನ್ನೂ ಬರೆದುಕೊಂಡಳು.
ಕಾರಣ ಎಂದು ಬರೆದು, ಎದುರಿಗೆ
ಅಮ್ಮ ಎಂದು ಬರೆದು, ಹೊಡೆದು ಹಾಕಿ,
ನೀರು ಎಂದು ಬರೆದಳು.

ಆ ರಾತ್ರಿ ಪಾಳಿಯಲ್ಲಿ ಎರಡು ಪಟ್ಟಿ ಅದ್ದಿದೆ.
ಎರಡೂ ಬಿಳಿ.
ಮೀನುಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿದಿದ್ದ ಮುದುಕ ಖಲ್ಫಾನ್
ಕುರ್ಚಿಗೆ ಒರಗುತ್ತ ದಿನದ ತಮಾಷೆಯಂತೆ ಕೇಳಿದ,
"ಮಾಯ್ ಜೈನ್?" ನೀರು ಚೆನ್ನಾಗಿದೆಯಾ?
ಜೈನ್, ಅಂದೆ.
ತೋಳಿಗೆ ಸೂಜಿ ಹಿಡಿದವಳು
ಒಂದು ನಿಮಿಷ ಎಂದು ಎದ್ದು
ಮೂರನೆಯದೊಂದು ಅದ್ದಿಬಂದೆ.