ಅಳತಿ

ಅಳತಿ ಹಿಡಿದಾಕಿ ದಸ್ತಗೀರನ ಹೆಂಡತಿ.
ಟೊಂಕದಿಂದ ಮೊಣಕಾಲಿಗೆ, ಮೊಣಕಾಲಿಂದ ಹಿಮ್ಮಡಕ್ಕ,
ಎಡಗಾಲು ಬ್ಯಾರೆ, ಬಲಗಾಲು ಬ್ಯಾರೆ,
ಕುಪ್ಪಸಕ್ಕ ಹಿಡಿಯೂಹಂಗ ಹಿಡಿದು ಹೇಳತಿದ್ಲು,
ಅಂವ ತಗಡಿನ ಮ್ಯಾಲ ಸುಣ್ಣದ ಕಡ್ಡೀಲೆ ಬರೀತಿದ್ದ.
ಎರಡೂ ಅಂಕಿ ಕೂಡಲಿಲ್ಲ.
‘ಕೂಡೂದು ಬ್ಯಾಡ ಬಿಡು ದಾನವ್ವಕ್ಕ’ ಅಂದ,
‘ಗಾಡೀನ ಸೊಟ್ಟ ಮಾಡೂಣು.’

ಬನಹಟ್ಟಿಯ ಮಗ್ಗದ ಓಣಿಯೊಳಗ
ನಲವತ್ತೊಂದು ವರ್ಷ ಗ್ವಾಡಿ ಹಿಡಿದು ನಡದಾಕಿ ನಾನು.
ಕಂಡಿಕಿ ಬುಟ್ಟಿ ತಲಿಮ್ಯಾಲ, ಒಂದು ಕೈ ಗ್ವಾಡಿಮ್ಯಾಲ;
ಓಣಿಯ ಸುಣ್ಣೆಲ್ಲಾ ನನ್ನ ಅಂಗೈಗೆ ಗೊತ್ತು.

ಮೂರು ಗಾಲಿ. ಹಳೇ ಸೈಕಲ್ಲಿನ ಹ್ಯಾಂಡಲ್ಲು.
ಬಾಗಲಾ ಹಾಕಿದ ಟಾಕೀಜಿನ ಖುರ್ಚಿ.
ಕೀಲಿ ಇಲ್ಲ, ಮನಿ ಲೈಟಿನ ಬಟನ್ನು.
ಬುಟ್ಟಿಗೆ ಹಿಂದೊಂದು ಕಬ್ಬಿಣದ ತೊಟ್ಟಿಲ.
ನಲವತ್ತಾರು ಸಾವಿರ, ಮೂರು ಕಂತು;
ಕಾಗದ ಇಲ್ಲ, ನಂಬರ ಇಲ್ಲ.
ಬ್ಯಾಟರಿ ಎಲ್ಲೀದು ಅಂತ ನಾ ಕೇಳಲಿಲ್ಲ.
ಹಸದಾಕಿ ರೊಟ್ಟಿ ಯಾವ ಹೊಲದ್ದು ಅಂತ ಕೇಳತಾಳೇನು?

ಮೊದಲ ದಿನ ರಬಕವಿತನಕ ಹೋಗಿಬಂದೆ,
ಕೆಲಸ ಇರಲಿಲ್ಲ, ಸುಮ್ಮನ.
ಸಪ್ಪಳಿಲ್ಲದ ಗಾಡಿ. ನಾಯಿಗೋಳು ಬೆನ್ನ ಹತ್ತೂದು ಮರತವು.
ಗಾಳಿ ಮಾರಿಗೆ ಬಡೀತೈತಿ ಅನ್ನೂದು
ಓಡಿದವರಿಗೆ ಗೊತ್ತಿತ್ತು.
ನನಗ ಅವತ್ತು ಗೊತ್ತಾತು.

ಚೈತ್ರದ ಸೆಕಿ. ಕರೆಂಟು ರಾತ್ರಿ ಒಂದಕ್ಕ ಬರತಿತ್ತು.
ಪಡಸಾಲ್ಯಾಗ ಗಾಡಿ,
ಅದರ ಬಾಜೂಕ ಮಾಡದ ಮಟ ಒಟ್ಟಿದ ನೂಲಿನ ಲಡಿ,
ಅದರ ಬಾಜೂಕ ಮಲಗಿದ ಮೊಮ್ಮಗಳು.
ವಾಸನಿಗೆ ಎಚ್ಚರಾತು.
ಸುಟ್ಟ ವಾಸನಿ ಅಲ್ಲ, ಸಿಹಿ,
ಉಗುರಿನ ಬಣ್ಣ ಅಳಿಸೂ ನೀರಿನಂಥಾದ್ದು.
ಡಬ್ಬಿ ಮುಟ್ಟಿದೆ. ಕಾದ ಹಂಚು.
ಹ್ಯಾಂಗ ಹೊಸ್ತಿಲ ದಾಟಿಸಿದೆ ಗೊತ್ತಿಲ್ಲ,
ಆ ಹೊತ್ತು ಎರಡೂ ಕಾಲು ಸಮ ಇದ್ದುವು.

ಬಯಲಾಗ ಅದು ಹೊಗಿ ಉಗುಳಿತು, ಸೀಟಿ ಹೊಡೀತು,
ಖುರ್ಚಿಯ ಬೆನ್ನು ತಿಂದು ಸುಮ್ಮನಾತು.
ಯಾರೋ ನೀರು ತಂದರು, ಯಾರೋ ಉಸುಕು,
ಯಾರೋ ಫೋಟೋ ತಗೊಂಡರು.

ಬೆಳಗಾಗೂದರಾಗ ದಸ್ತಗೀರ ಬಂದು ಡಬ್ಬಿ ಬಿಚ್ಚಿದ.
ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲು,
ಒಂದೊಂದು ಒಂದೊಂದು ವಯಸ್ಸಿಂದು.
ಮೂರು ಉಬ್ಬಿದ್ದುವು.
ಭಾಳ ಹೊತ್ತು ಕೈಯಾಗ ಹೊಳ್ಳಿಸಿ ಹೊಳ್ಳಿಸಿ ನೋಡಿದ.
‘ಇದರ ಅಳತಿ ನನಗ ಗೊತ್ತಿರಲಿಲ್ಲಕ್ಕ.’

ಜಮಖಂಡಿಯಿಂದ ಕಂಪನಿಯಂವ ಬಂದ, ಚೊಲೊ ಹುಡುಗ.
ಕಾಗದ, ಗ್ಯಾರಂಟಿ, ಮೂರು ವರ್ಷ.
ಕುಂತು ನೋಡಿದೆ. ಎಡಗಾಲು ಗಾಳ್ಯಾಗ ಜೋತಾಡತು.
‘ಎಲ್ಲಾರಿಗೂ ಇದ ಸೈಜರಿ’ ಅಂದ.

ಈಗ ನನ್ನ ಗಾಡಿ ಬೇವಿನ ಬುಡದಾಗ.
ಹೊಸ ಡಬ್ಬಿ, ಬಿಲ್ಲಿಂದು. ಅರ್ಧ ರೊಕ್ಕ ದಸ್ತಗೀರ ಹಾಕ್ಯಾನ.
ಕರೆಂಟು ಬಂದ ರಾತ್ರಿ
ಈಯೂ ಎಮ್ಮಿ ಮುಂದ ಕುಂತಾಂಗ ಕುಂದರತೀನಿ,
ಬಕೀಟಿನ್ಯಾಗ ಉಸುಕು.
ತಾಸಿಗೊಮ್ಮೆ ಡಬ್ಬಿ ಮ್ಯಾಲ ಅಂಗೈ ಇಡತೀನಿ.

ಬೆಚ್ಚಗ ಐತಿ.
ಇಷ್ಟು ಬೆಚ್ಚಗಿರೂದು ಸರೀನೋ ಏನೋ,
ನಾಳೆ ಅವನ್ನ ಕೇಳಬೇಕು.