ಓಗೊಡದ ಸಂಖ್ಯೆಗಳು

ಮೊದಲು ಪೆಟ್ಟಿಗೆ ತನ್ನನ್ನೇ ಕರೆದುಕೊಳ್ಳಲಿ.
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು:
ಓ ಅಂದಿತು. ಅಲ್ಲಿಗೆ
ಬುದ್ಧಿ ನೆಟ್ಟಗಿದೆ ಅಂತಾಯಿತು.
ಪಕ್ಕದ ಕೋಣೆಯ ಸ್ವಿಚ್ಚು, ಓ.
ಆಸ್ಪತ್ರೆಯ ಮಾಡಿನ ಮೇಲಿನ ಆಂಟೆನಾ, ಓ.
ಕಣಿವೆಯಾಚೆ ಕಲ್ಲುಗೋಪುರದ ನೆತ್ತಿಯಲ್ಲಿ
ಅದರ ಜೋಡಿ. ಕರೆದೆ.
ಹನ್ನೊಂದು, ಹನ್ನೆರಡು,

ಹದಿನಾರು,
ಹದಿನೇಳು,


ಇಪ್ಪತ್ತಮೂರು.
ನಡುವಿನವು ಎಲ್ಲಿ ಇಳಿದು ಹೋದವೋ.

ಒಳಗೆ ಅಲ್ಮಸ್ಖಾನ್ ಮುದುಕ ಅಂಗಿ ಬಿಚ್ಚಿ ಮಲಗಿದ್ದಾನೆ.
ಅವನ ಎದೆಯ ಗೀಟು ಜುಗ್ದಿದಿಯ ಡಾಕ್ಟರಿಗೆ ಹೋಗಬೇಕು.
ಹೋಗುತ್ತಿದೆ, ಅರ್ಧ ಗಂಟೆಯಿಂದ.
ವೈರು ಕೀಳಲೇ ಎಂದು ಮೂರು ಸಲ ಕೇಳಿದ.
ನರ್ಸ್ ಮಕ್ವಾಲಾ ನನ್ನತ್ತ ನೋಡಿದಳು,
ಹಿಮ ಬೀಳುವುದೂ ನನ್ನದೇ ತಪ್ಪು ಎಂಬಂತೆ.

ಲಾಗ್ ಓದಿದೆ, ಮೊದಲಿಂದ ಕೊನೆತನಕ.
ಕರ್ನೆಲ್ ಸುಳ್ಳು ಹೇಳುವುದಿಲ್ಲ,
ತನಗೆ ಗೊತ್ತಿಲ್ಲದ್ದನ್ನು ಹೇಳುವುದೂ ಇಲ್ಲ.
ಆ ಎರಡನೆಯ ಗುಣ ನನ್ನ ಮಾವನಿಗಿಲ್ಲ.
ಕೇಬಲ್ ಕತ್ತರಿಸಿ ಹೊಸ ತುದಿ ಕಟ್ಟಿದೆ, ಮಗ್ಗಿ ಹೇಳುತ್ತಾ:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಕಾರ್ಡು ಬದಲಿಸಿದೆ. ಅಡಾಪ್ಟರು ಬದಲಿಸಿದೆ.
ಹದಿಮೂರು ಮಾತ್ರ ಬರಲೇ ಇಲ್ಲ.

ಜುಗ್ದಿದಿಯಿಂದ ವಾರ್ಲಾಮ್ ಫೋನಿನಲ್ಲಿ:
ಆಫ್ ಮಾಡಿ ಆನ್ ಮಾಡು.
ನಾನೂರ ಹನ್ನೆರಡು ದಿನ ರೆಪ್ಪೆ ಮುಚ್ಚದ ಪೆಟ್ಟಿಗೆ ಕಣೋ, ಅಂದೆ.
ಮಾಡು, ಅಂದ.
ಮಾಡಿದೆ.
ನಾನೂರ ಹನ್ನೆರಡು ಹೋಗಿ ಸೊನ್ನೆಯಾಯಿತು.
ಮಿಕ್ಕಿದ್ದೆಲ್ಲ ಹಾಗೇ ಇತ್ತು.

ಆಮೇಲೆ ಶಾಲೆಯ ಗೆರೆಪುಸ್ತಕ ತಂದು ಬರೆಯತೊಡಗಿದೆ.
ಸೋಮವಾರ ಬೆಳಿಗ್ಗೆ ನೂರಕ್ಕೆ ಹದಿನಾಲ್ಕು ಕಾಣೆ, ಮಧ್ಯಾಹ್ನ ಆರು.
ಬುಧವಾರ ಬೆಳಿಗ್ಗೆ ಇಪ್ಪತ್ತೆರಡು, ಮಧ್ಯಾಹ್ನ ಹತ್ತು.
ಗುರುವಾರ ಸೋನೆ ಹಿಡಿಯಿತು, ಒಂದೂ ಬರಲಿಲ್ಲ.
ಶನಿವಾರ ಬಿಸಿಲು. ಹದಿನೈದು.
ಯಾವ ಹಾರ್ಡ್‌ವೇರು ಇಬ್ಬನಿ ನೋಡಿ ಕೆಡುತ್ತದೆ?
ಯಾವ ಡ್ರೈವರು ಬಿಸಿಲಿಗೆ ಮೈ ಕಾಯಿಸಿ
ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ?

ಭಾನುವಾರ ಏಣಿ ಹಾಕಿ ಮಾಡು ಹತ್ತಿದೆ.
ಆಂಟೆನಾದ ಬೆನ್ನಿಗೆ ಗಲ್ಲ ಒತ್ತಿ
ಅದು ನೋಡುವ ಕಡೆಗೇ ನೋಡಿದೆ.
ಗೋಪುರ ಕಾಣಲಿಲ್ಲ.
ಕಂಡದ್ದು ಪಕ್ಕದ ಮನೆಯ ದಾರೆಜಾನಳ ಮೊಣಕಾಲು.

ಎತ್ತರದ ಹಿತ್ತಿಲಲ್ಲಿ, ಬಣವೆಯ ಮೇಲೆ ನಿಂತು
ಹುಲ್ಲು ತುಳಿಯುತ್ತಿದ್ದಳು.
ದಿನಕ್ಕೊಂದು ಗಾಡಿ, ದಿನಕ್ಕೊಂದು ಗೇಣು,
ಆಗಸ್ಟ್ ತಿಂಗಳ ಹಸಿ ಹುಲ್ಲು.
ರಾತ್ರಿಯೆಲ್ಲ ಇಬ್ಬನಿ ಕುಡಿದು
ಬೆಳಿಗ್ಗೆ ನನ್ನ ಪ್ಯಾಕೆಟ್ಟುಗಳನ್ನು ಕುಡಿಯುತ್ತಿತ್ತು.
ಬಣವೆಯಲ್ಲಿ ಸೂಜಿ ಹುಡುಕುವುದು ಅನ್ನುತ್ತಾರೆ.
ಎಂಟು ದಿನ ನಾನು
ಸೂಜಿಯೊಳಗೆ ಬಣವೆ ಹುಡುಕಿದ್ದೆ.

ಇಳಿಸು ಅನ್ನಲು ಬಾಯಿ ತೆರೆದೆ.
ಅವಳು ಕವೆಗೋಲು ಊರಿ ನಿಂತು ಅಂದಳು:
ಎರಡು ಹಸು, ಏಳು ತಿಂಗಳ ಹಿಮ.
ಲೆಕ್ಕ ನೀನೇ ಹಾಕು, ಟೀಚರಮ್ಮ.
ಹಾಕಿದೆ. ಬಾಯಿ ಮುಚ್ಚಿದೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ಕೊಟ್ಟಿಗೆಯ ಹಿಂದಿನಿಂದ
ಅವಳೇ ಎಳೆದು ತಂದಳು, ದೇವದಾರಿನ ಒಂದು ಗಳ.
ಇನ್ನೊಂದು ಬಣವೆಗೆಂದು ಇಟ್ಟಿದ್ದ ನಡುಗಂಬ.
ಆ ಹೊಲ ಈ ಸಲ ಕಲ್ಲು ಬಿದ್ದು ಹಾಳಾಯಿತು,
ತಗೋ, ಅಂದಳು. ಮುಂದಿನ ಬೇಸಿಗೆಗೆ ವಾಪಸ್ಸು.
ಬುಡ ಅವಳು ಹಿಡಿದಳು, ನಾನು ತಂತಿ ಬಿಗಿದೆ.
ಆಂಟೆನಾ ಹುಲ್ಲಿನ ತಲೆಯ ಮೇಲಿಂದ ಇಣುಕಿತು.

ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು.
ಬೆರಳಿಟ್ಟು ಎಣಿಸಿದೆ ನೂರರವರೆಗೆ,
ಒಂದನೇ ಕ್ಲಾಸಿನವರ ಹಾಗೆ.
ಅಲ್ಮಸ್ಖಾನನ ಎದೆ ನಾಲ್ಕು ಸೆಕೆಂಡಿಗೆ ಜುಗ್ದಿದಿ ತಲುಪಿತು.
ಉಪ್ಪು ಕಡಿಮೆ ಮಾಡಿಸಿ ಎಂದು ಉತ್ತರ ಬಂತು.

ದುರಸ್ತಿಯ ವರದಿ ಕಳಿಸಬೇಕಲ್ಲ.
ಕಾರಣ ಎಂಬಲ್ಲಿ ಹುಲ್ಲು ಎಂದು ಬರೆದೆ.
ಸಂಜೆ ವಾರ್ಲಾಮ್ ಫೋನು ಮಾಡಿದ:
ಹುಲ್ಲು ಅಂದರೆ ಯಾವುದು, ಯಾವ ವರ್ಷನ್ನು?
ಈ ವರ್ಷದ್ದೇ, ಅಂದೆ.
ಎರಡನೇ ಕೊಯ್ಲು.