ಆಯ್ ಕೆ

ಬೇಕಲದ ಕೋಟೆಗೆ ಬೆನ್ನು ಹಾಕಿ ನಿಂತ ನಮ್ಮ ವಸತಿಗೃಹಕ್ಕೆ
ಒಂಬತ್ತೇ ಕೋಣೆ.
ಮೇಜಿನ ಹಿಂದೆ ನಾನು, ಲಲಿತಾಕ್ಷಿ ಗಟ್ಟಿ.
ಫೋನು, ರಿಜಿಸ್ಟರು, ಬೀಗದ ಕೈ ನೇತುಹಾಕಿದ ಹಲಗೆ.
ಮಲಯಾಳದಲ್ಲಿ ಬೈಸಿಕೊಂಡು, ತುಳುವಿನಲ್ಲಿ ನುಂಗಿ,
ಕನ್ನಡದಲ್ಲಿ ಲೆಕ್ಕ ಬರೆದಿಡುವುದು
ಹದಿನಾಲ್ಕು ವರ್ಷದ ಅಭ್ಯಾಸ.

ಈ ಸಲ ಸ್ಪೇನಿನವರು ಜಾಸ್ತಿ, ಅವರ ಭಾಷೆಯಲ್ಲೊಂದು ಬೋರ್ಡು ಬೇಕು
ಅಂದರು ಕುಂಞಂಬು ಮೊದಲಾಳಿ.
ಮೂರನೇ ಕೋಣೆಯ ಆಂಪಾರೊ,
ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಂದ ನಿವೃತ್ತ ಟೀಚರು,
ಲುಂಗಿ ಉಟ್ಟು ನನ್ನ ಮೇಜಿಗೊರಗಿ
ಪಾಠ ಶುರುಮಾಡಿದಳು:

ಮಾಡಬೇಕಾದವಳು ನಾನಾದರೆ, ತೆಂಗೊ ಕೆ.
(ನಕ್ಕುಬಿಟ್ಟೆ. ತೆಂಗೊ, ಕೆಂದಾಳಿಯೊ?
ಕಿಟಕಿಯಾಚೆ ಅದೇ ತಾನೆ ಇಡೀ ಊರು.)
ನೀನಾದರೆ, ತಿಯೆನೆಸ್ ಕೆ.
ಇಂಥವರೇ ಅಂತಿಲ್ಲದೆ ಎಲ್ಲರೂ ಮಾಡಬೇಕಾದ್ದಾದರೆ
ಆಯ್ ಕೆ.
ಆಯ್ ಕೆ ರೆಸೆರ್ವಾರ್.
ಮೊದಲೇ ಕಾಯ್ದಿರಿಸಬೇಕು.

ಯಾರು?

ಯಾರೂ ಅಲ್ಲ. ಅದೇ ಅದರ ಮರ್ಯಾದೆ, ಅಂದಳು.
ಬೆರಳು ತೋರಿಸುವುದಿಲ್ಲ.

ಮೊದಲಿಗೊಂದು ಹಕಾರವಿದೆ.
ಬರೆಯಬೇಕು, ಉಚ್ಚರಿಸಬಾರದು.
ಮತ್ತೆ ಯಾಕೆ ಅದು?
ಇರಲಿ, ಅದರ ಜಾಗ ಅದು.
ಚೀಟಿ ಅಂಟಿಸಿಟ್ಟ ಕುರ್ಚಿ,
ಊಟ ಮುಗಿದರೂ ಯಾರೂ ಬಂದು ಕೂರದ್ದು.

ಬೇಕು ಎಂಬುದು ನನಗೇನು ಹೊಸದೆ?
ಮೊದಲಾಳಿಯ ವೇಣಂ, ಅತ್ತೆಯ ಬೋಡು,
ಬಿಲ್ಲು ಹಿಡಿದು ಬರುವ ದಿನಸಿಯಂಗಡಿ ಪೈಗಳ ಜಾಯ್,
ಎಲ್ಲ ಇದೇ ಕಿವಿಯಲ್ಲಿ ಹೊಕ್ಕಿವೆ.
ಮಂಜೇಶ್ವರದ ಮನೆಯಲ್ಲಿ ಉಂಡೆದ್ದ ಮಾವ
ಕೈ ತೊಳೆಯುತ್ತ ಗಾಳಿಗೆ ಹೇಳುವರು:
ಬಾಜನ ದೆಕ್ಕೊಡು.
ಪಾತ್ರೆ ತೊಳೆಯಬೇಕು. ಅಷ್ಟೆ.
ಹೆಸರಿಲ್ಲ, ಬೆರಳಿಲ್ಲ, ಬಹಳ ಮರ್ಯಾದೆ.
ಗಾಳಿ ತೊಳೆಯಲಿಲ್ಲ.
ನನ್ನ ಗಂಡ ಪೇಪರು ಮಡಚಲಿಲ್ಲ.
ಇಪ್ಪತ್ತೆರಡು ವರ್ಷ
ಆ ವಾಕ್ಯದ ಖಾಲಿ ಜಾಗದಿಂದ
ಬೂದಿ ಹಿಡಿದು ಎದ್ದು ಹೋದವಳು ಒಬ್ಬಳೇ.

ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹೇಳಿದೆ ಇದನ್ನು.
ಆಂಪಾರೊ ಎಣ್ಣೆ ಮೊಣಕಾಲನ್ನು ತುಸು ಹೊತ್ತು ನೋಡಿಕೊಂಡಳು.
ನಮ್ಮಮ್ಮನ ಹೆಸರೂ ಅದೇ ಆಗಿತ್ತು, ಅಂದಳು.
ಆಯ್ ಕೆ.

ಪೇಂಟರ್ ಐತಪ್ಪಣ್ಣನಿಗೆ ಓದಿಕೊಳ್ಳಲೆಂದು
ಕನ್ನಡದಲ್ಲೂ ಬರೆದುಕೊಟ್ಟಿದ್ದೆ.
ಕೂಡಿಸಿ ಓದಿದ: ಆಯ್ಕೆ ರೆಸೆರ್ವಾರ್.
ಬಿಡಿಸಿ ಓದು ಮಾರಾಯ, ಅಂದೆ.
ಬಿಡಿಸಿದರೆ ಏನು? ಬೇಕು.
ಕೂಡಿಸಿದರೆ? ಆಯ್ಕೆ.
ಕುಂಚ ಎತ್ತಿ ಹಿಡಿದು ಅವನು ನಕ್ಕ,
ಎರಡರ ನಡುವೆ ಒಂದು ಬೆರಳಿನ ಜಾಗವಲ್ಲವಾ ಅಕ್ಕ.

ಬೋರ್ಡು ಏರಿತು. ಮಲಯಾಳ, ಇಂಗ್ಲಿಷ್, ಸ್ಪ್ಯಾನಿಷ್.
ಕನ್ನಡಕ್ಕೆ ಹಲಗೆ ಸಾಲಲಿಲ್ಲ.
ಆಂಪಾರೊ ಮೊಣಕಾಲು ಮಡಚಿ ತೋರಿಸಿ ವಿಮಾನ ಹತ್ತಿದಳು.

ಮೊನ್ನೆ ರಾತ್ರಿ ಹನ್ನೊಂದೂವರೆ.
ಮಂಗಳೂರಿನ ಆಸ್ಪತ್ರೆಯಿಂದ ಬರುತ್ತ ಕಡೆಯ ಬಸ್ಸು ತಪ್ಪಿದ ಮುದುಕಿ,
ಹೆಗಲ ಮೇಲೆ ಪ್ಲಾಸ್ಟರು ಹಾಕಿದ ಕೈಯ ಮೊಮ್ಮಗು.
ಏಳನೇ ಕೋಣೆ ಖಾಲಿ.
ಖಾಲಿ ಅಂದರೆ, ನಡುರಾತ್ರಿ ಕಣ್ಣೂರಿಗಿಳಿದು ಬರುವವರಿಗೆ
ಮುಂಗಡ ಕೊಟ್ಟು ಕಾಯ್ದಿರಿಸಿದ್ದು.
ನಾಲಗೆ ತಾನಾಗಿ ಹೇಳಿತು:
ಮೊದಲೇ ಬುಕ್ ಮಾಡಬೇಕು ಉಮ್ಮ.

ಆರ್? ಅಂದಳು ಮುದುಕಿ.
ಯಾರು ಅಂತ.
ವ್ಯಾಕರಣ ಗೊತ್ತಿಲ್ಲದವಳು,
ನೇರ ನನ್ನ ಮುಖಕ್ಕೇ.

ಕಾಯ್ದಿರಿಸು: ಕಾಯುವುದೂ ಇದೆ ಅದರಲ್ಲಿ, ಇರಿಸುವುದೂ.
ಕಾದವರಾರು, ಇರಿಸಿದ್ದು ಯಾರಿಗೆ,
ಹಾಗೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ.
ಮಗುವಿನ ಕೊರಳು ಸೋಲುತ್ತಿತ್ತು.

ಏಳನೇ ಬೀಗದ ಕೈ ತೆಗೆದೆ.
ಬರುವವರಿಗೆ ಮೊದಲಾಳಿಯ ಸ್ವಂತ ಕೋಣೆ
ಗುಡಿಸಿಟ್ಟೆ.
ರಿಜಿಸ್ಟರಿನಲ್ಲಿ ‘ಕಾಯ್ದಿರಿಸಿದವರು’ ಎಂಬ ಕಾಲಮ್ಮು.
ಬರೆದೆ: ಲ. ಗಟ್ಟಿ.

ಬೆಳಗಾದರೆ ಉತ್ತರ ಹೇಳಬೇಕು.
ತೆಂಗೊ ಕೆ.